ಬಿಸಿ ಇರುವುದು ಜಾಕೆಟ್ಟಿನಲ್ಲಲ್ಲ!

“ಇದು ಬಿಸಿ ಇರುತ್ತೇನಪ್ಪಾ?”

ಬೆಚ್ಚನೆಯ ಉಡುಪು ಮಾರುವ ಅಂಗಡಿಗೆ ಬಂದವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಇದು. ಮಗ ಡಿಸೆಂಬರ್ ರಜೆಯಲ್ಲಿ ಗೆಳೆಯರ ಜೊತೆ ಹಿಮಾಲಯದ ಚಾರಣಕ್ಕೆ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಜೊತೆಗೆ ಬಂದ ಅಪ್ಪ ಹ್ಯಾಂಗರಿನಿಂದ ಒಂದು ಫ್ಲೀಸ್ ಜಾಕೆಟ್ ಇಳಿಸಿ ಬೆರಳುಗಳ ನಡುವೆ ಹಿಡಿದು ಹಿಸುಕಿ ನೋಡುತ್ತಾರೆ. ಅರಳೆಯಂತೆ ಹಗುರ, ಬೆಕ್ಕಿನ ಮರಿಯ ಮೈಯಂತೆ ಮೃದು. “ಸಖತ್ ಬಿಸಿ ಇರುತ್ತೆ ಸಾರ್. ಇದೊಂದು ಹಾಕ್ಕೊಂಡ್ರೆ ಸಾಕು, ಕಾಶ್ಮೀರಕ್ಕೂ ಹೋಗಿ ಬರಬಹುದು” ಎನ್ನುತ್ತಾನೆ ಅಂಗಡಿಯ ಹುಡುಗ. ಇದಕ್ಕಿಂತ ದಪ್ಪದ್ದು ಇದೆಯೇ ಎಂದು ಅಪ್ಪ ವಿಚಾರಿಸುತ್ತಾರೆ. ಮಗನಿಗೆ ಬಣ್ಣದ ಚಿಂತೆ. ಐದು ನಿಮಿಷದಲ್ಲಿ ಬಿಲ್ ಆಗಿಬಿಡುತ್ತದೆ.

ಈ ಮಾತುಕತೆಯಲ್ಲಿ ಎರಡು ತಪ್ಪುಗಳಿವೆ. ಜಾಕೆಟ್ಟಿನಲ್ಲಿ ಬಿಸಿ ಇದೆ ಎಂದುಕೊಂಡದ್ದು ಮೊದಲನೆಯದು. ಅದು ಬರೀ ತಿಳಿವಳಿಕೆಯ ತಪ್ಪು. ‘ಇದೊಂದೇ ಸಾಕು’ ಎಂದುಕೊಂಡದ್ದು ಎರಡನೆಯದು. ಅದು ಪ್ರಾಣಕ್ಕೇ ಸಂಚಕಾರ ತರಬಲ್ಲ ತಪ್ಪು.

ಪ್ರಾಣದ ಮಾತು ಅತಿಶಯೋಕ್ತಿ ಅನ್ನಿಸೀತು. ಆದರೆ 2024ರ ಜೂನ್ ಮೊದಲ ವಾರವನ್ನು ಕರ್ನಾಟಕ ಇನ್ನೂ ಮರೆತಿಲ್ಲ. ಉತ್ತರಾಖಂಡದ ಸಹಸ್ರತಾಲ್ ಸರೋವರದ ಹಾದಿಯಲ್ಲಿ, 14 ಸಾವಿರ ಅಡಿಗೂ ಹೆಚ್ಚು ಎತ್ತರದ ಪ್ರದೇಶದಲ್ಲಿ, 22 ಮಂದಿಯ ಚಾರಣ ತಂಡವೊಂದು ಹಿಮಗಾಳಿಗೆ ಸಿಕ್ಕಿಕೊಂಡಿತು. 13 ಮಂದಿಯನ್ನು ರಕ್ಷಿಸಲಾಯಿತು. ಒಂಬತ್ತು ಮಂದಿ ಮರಳಲಿಲ್ಲ. ಆ ಒಂಬತ್ತೂ ಜನ ಕರ್ನಾಟಕದವರು. ಬಯಲು ಸೀಮೆಯಲ್ಲಿ ಆಗ ಸುಡು ಬೇಸಿಗೆ. ಅಂಥ ಬಿರುಗಾಳಿಯಲ್ಲಿ ಯಾವ ಉಡುಪೂ ತಾನೊಂದೇ ಜೀವ ಉಳಿಸೀತೆಂಬ ಭರವಸೆ ಇಲ್ಲ. ಅಲ್ಲಿ ನಡೆದದ್ದಕ್ಕೆ ಬಟ್ಟೆಬರೆಯನ್ನು ಹೊಣೆ ಮಾಡುವುದೂ ಸಲ್ಲದು. ಆದರೆ ಮೈಯ ಬಿಸಿಯನ್ನು ಗಾಳಿ ಹೇಗೆ ಕದಿಯುತ್ತದೆ, ನೀರು ಹೇಗೆ ಕದಿಯುತ್ತದೆ ಎಂಬುದನ್ನು ಬೆಟ್ಟಕ್ಕೆ ಹೋಗುವ ಪ್ರತಿಯೊಬ್ಬರೂ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನವೇ ತಿಳಿದಿರಬೇಕು. ಫ್ಲೀಸ್ ಜಾಕೆಟ್ಟಿನ ಆಯ್ಕೆ ಅಲ್ಲಿಂದಲೇ ಶುರುವಾಗುತ್ತದೆ.

ಕಂಬಳಿ ಹೊದ್ದ ಮಂಜುಗಡ್ಡೆ

ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಒಂದೇ ಗಾತ್ರದ ಎರಡು ಸ್ಟೀಲ್ ಲೋಟಗಳಲ್ಲಿ ಒಂದೇ ಅಳತೆಯ ಮಂಜುಗಡ್ಡೆ ಹಾಕಿ. ಒಂದನ್ನು ಮೇಜಿನ ಮೇಲೆ ಹಾಗೇ ಬಿಡಿ. ಇನ್ನೊಂದಕ್ಕೆ ಕಂಬಳಿಯನ್ನು ಚೆನ್ನಾಗಿ ಸುತ್ತಿಡಿ. ಮೊದಲು ಕರಗುವುದು ಯಾವುದು? ಕಂಬಳಿ ಬಿಸಿಯಾದ ವಸ್ತು, ಆದ್ದರಿಂದ ಅದರೊಳಗಿನ ಮಂಜುಗಡ್ಡೆಯೇ ಬೇಗ ಕರಗುತ್ತದೆ ಎಂದು ಮಕ್ಕಳು ಕೂಗುತ್ತಾರೆ. ದೊಡ್ಡವರೂ ಒಮ್ಮೊಮ್ಮೆ ಹಾಗೆಯೇ ಹೇಳುವುದುಂಟು. ಆದರೆ ಹೊರಗಿಟ್ಟದ್ದು ಪೂರ್ತಿ ನೀರಾದ ಮೇಲೂ ಕಂಬಳಿಯೊಳಗಿನ ಗಡ್ಡೆ ಉಳಿದಿರುತ್ತದೆ. ಹಿಂದೆ ಐಸ್ ಗಡ್ಡೆ ಮಾರುವವರು ಅದನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ, ಮೇಲೆ ಗೋಣಿತಾಟು ಹೊದಿಸುತ್ತಿದ್ದದ್ದು ಇದೇ ಕಾರಣಕ್ಕೆ.

ಕಂಬಳಿಗೆ ಬಿಸಿ ಮಾಡುವ ಗುಣವೂ ಇಲ್ಲ, ತಣ್ಣಗೆ ಮಾಡುವ ಗುಣವೂ ಇಲ್ಲ. ಬಿಸಿ ಅತ್ತಿಂದಿತ್ತ ಹರಿಯದಂತೆ ಅದು ಅಡ್ಡ ನಿಲ್ಲುತ್ತದೆ, ಅಷ್ಟೆ. ಆ ಅಡ್ಡಗೋಡೆಯ ಇಟ್ಟಿಗೆ ಉಣ್ಣೆಯೂ ಅಲ್ಲ, ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಗಾಳಿ ಉಷ್ಣದ ಬಲು ಮಂದ ವಾಹಕ. ಆದರೆ ಅದಕ್ಕೊಂದು ದೋಷ: ಒಂದೆಡೆ ನಿಲ್ಲುವುದಿಲ್ಲ. ಮೈಗೆ ತಾಗಿ ಬಿಸಿಯಾದ ಗಾಳಿ ಮೇಲೇರಿ ಹೊರಟುಹೋಗುತ್ತದೆ. ಅದರ ಜಾಗಕ್ಕೆ ತಣ್ಣನೆಯ ಗಾಳಿ ಬರುತ್ತದೆ. ಪಠ್ಯಪುಸ್ತಕ ಇದನ್ನು ಉಷ್ಣ ಸಂವಹನ ಎನ್ನುತ್ತದೆ. ಓಡಾಡುವ ಈ ಗಾಳಿಯನ್ನು ಎಳೆಗಳ ಬಲೆಯಲ್ಲಿ ಹಿಡಿದು ಕೂರಿಸುವುದೇ ಬೆಚ್ಚನೆಯ ಬಟ್ಟೆಯ ಒಟ್ಟು ಕೆಲಸ.

ಬಿಸಿ ಹುಟ್ಟುವುದು ನಮ್ಮ ಮೈಯೊಳಗೆ. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವಾಟ್ ಬಲ್ಬಿನಷ್ಟು ಶಾಖವನ್ನು ಸದಾ ಹೊರಸೂಸುತ್ತಿರುತ್ತದೆ. ಬೆನ್ನ ಮೇಲೆ ಹೊರೆ ಹೊತ್ತು ಏರು ಹತ್ತುವಾಗ ಅದು ನಾಲ್ಕೈದು ಪಟ್ಟು ಹೆಚ್ಚುತ್ತದೆ. ಒಲೆ ನಾವೇ. ಜಾಕೆಟ್ ಆ ಒಲೆಗೆ ಕಟ್ಟಿದ ಮರೆ ಮಾತ್ರ.

ಸೀಸೆಯಿಂದ ಬಂದ ಉಣ್ಣೆ

ಫ್ಲೀಸ್ ಎಂದರೆ ಇಂಗ್ಲಿಷಿನಲ್ಲಿ ಕುರಿಯ ಮೈಯಿಂದ ಕತ್ತರಿಸಿ ತೆಗೆದ ಉಣ್ಣೆ. ಆದರೆ ಇಂದು ಅಂಗಡಿಯಲ್ಲಿ ಸಿಗುವ ಫ್ಲೀಸಿಗೂ ಕುರಿಗೂ ಯಾವ ಸಂಬಂಧವೂ ಇಲ್ಲ. ಅದು ಪಾಲಿಯೆಸ್ಟರ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ರಸಾಯನ ವಿಜ್ಞಾನಿಗಳು ತಯಾರಿಸಿದ ಎಳೆಯ ವಂಶದ್ದು. ನೀರಿನ ಬಾಟಲಿ ಯಾವ ಪ್ಲಾಸ್ಟಿಕ್ಕಿನಿಂದ ಆಗಿದೆಯೋ ಫ್ಲೀಸ್ ಆಗಿರುವುದೂ ಅದರಿಂದಲೇ. 1993ರಿಂದೀಚೆಗೆ ಬಳಸಿ ಎಸೆದ ಸೀಸೆಗಳನ್ನು ಕರಗಿಸಿ, ಎಳೆ ತೆಗೆದು ಫ್ಲೀಸ್ ಮಾಡುವುದೂ ರೂಢಿಗೆ ಬಂದಿದೆ. ಒಂದು ಜಾಕೆಟ್ಟಿಗೆ ಸುಮಾರು 25 ಸೀಸೆ ಬೇಕಾಗುತ್ತವೆಂಬ ಲೆಕ್ಕವಿದೆ.

ತಯಾರಿಕೆಯ ವಿಧಾನ ಸರಳ. ಮೊದಲು ಪಾಲಿಯೆಸ್ಟರ್ ದಾರದಿಂದ ಕುಣಿಕೆ ಕುಣಿಕೆಯಾಗಿ ಬಟ್ಟೆ ಹೆಣೆಯುತ್ತಾರೆ. ಆಮೇಲೆ ತಂತಿಯ ಹಲ್ಲುಗಳಿರುವ ಉರುಳೆಗಳ ಮೇಲೆ ಅದನ್ನು ಹಾಯಿಸುತ್ತಾರೆ. ಹಲ್ಲುಗಳು ಕುಣಿಕೆಗಳನ್ನು ಕೆದರಿ, ಹರಿದು, ಎಳೆಗಳನ್ನು ಮೇಲೆಬ್ಬಿಸುತ್ತವೆ. ಎದ್ದುನಿಂತ ಎಳೆಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಿದರೆ ಫ್ಲೀಸ್ ಸಿದ್ಧ. ಕೈಗೆ ಮೃದುವಾಗಿ ತಾಗುವ ಆ ಗುಂಗುರು ಮೇಲ್ಮೈ ಸೊಗಸಿಗಾಗಿ ಮಾಡಿದ್ದಲ್ಲ. ಗಾಳಿಯನ್ನು ಹಿಡಿದಿಡುವ ಲಕ್ಷಾಂತರ ಪುಟ್ಟ ಗೂಡುಗಳು ಅಲ್ಲಿವೆ.

ಈ ಬಟ್ಟೆಯನ್ನು 1979ರಲ್ಲಿ ರೂಪಿಸಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣದ ಮಾಲ್ಡನ್ ಮಿಲ್ಸ್ ಎಂಬ ಗಿರಣಿ. ಅವರಿಟ್ಟ ಹೆಸರು ಪೋಲಾರ್ ಫ್ಲೀಸ್. ಬೆಟ್ಟ ಹತ್ತುವವರ ಉಡುಪು ತಯಾರಿಸುತ್ತಿದ್ದ ಪೆಟಗೋನಿಯಾ ಕಂಪನಿಯ ಜೊತೆ ಸೇರಿ ಗಿರಣಿ ಅದನ್ನು ಇನ್ನಷ್ಟು ತಿದ್ದಿತು. ಗಿರಣಿಯ ಒಡೆಯ ಆರನ್ ಫ್ಯೂಯರ್‌ಸ್ಟೈನ್ ಹೆಸರು ಜಗತ್ತಿಗೆ ತಿಳಿದದ್ದು ಮಾತ್ರ ಬೇರೊಂದು ಕಾರಣಕ್ಕೆ. 1995ರ ಡಿಸೆಂಬರ್ 11ರ ರಾತ್ರಿ ಗಿರಣಿಗೆ ಬೆಂಕಿ ಬಿತ್ತು. ಕ್ರಿಸ್‌ಮಸ್ ಎರಡು ವಾರ ದೂರವಿತ್ತು. ವಿಮೆಯ ಹಣ ಜೇಬಿಗಿಳಿಸಿ ಬಾಗಿಲು ಹಾಕುವ ಬದಲು ಎಪ್ಪತ್ತರ ಆ ಹಿರಿಯ, ಅಲ್ಲಿಯೇ ಗಿರಣಿಯನ್ನು ಮತ್ತೆ ಕಟ್ಟುವುದಾಗಿ ಘೋಷಿಸಿ, ಕೆಲಸವಿಲ್ಲದ ದಿನಗಳಲ್ಲೂ ಕೆಲಸಗಾರರಿಗೆ ಸಂಬಳ ಕೊಟ್ಟರು. ಸಾಲದ ಹೊರೆ ತಾಳದೆ 2001ರಲ್ಲಿ ಕಂಪನಿ ದಿವಾಳಿಯಾಯಿತು. ಆದರೂ ಆ ಊರಿನವರು ಅವರನ್ನು ನೆನೆಯುವುದು ಗೌರವದಿಂದಲೇ.

ಪಾಲಿಯೆಸ್ಟರಿನ ದೊಡ್ಡ ಗುಣವೆಂದರೆ ಅದು ನೀರು ಕುಡಿಯುವುದಿಲ್ಲ. ಸಾಧಾರಣ ತೇವದ ಹವೆಯಲ್ಲಿಟ್ಟರೆ ಉಣ್ಣೆ ತನ್ನ ತೂಕದ ಸುಮಾರು ಶೇ. 16ರಷ್ಟು, ಹತ್ತಿ ಶೇ. 8ರಷ್ಟು ತೇವವನ್ನು ಎಳೆಯೊಳಗೆ ಹೀರಿಕೊಳ್ಳುತ್ತವೆ. ಪಾಲಿಯೆಸ್ಟರ್ ಹೀರುವುದು ಶೇ. ಅರ್ಧಕ್ಕೂ ಕಡಿಮೆ. ಫ್ಲೀಸ್ ಒದ್ದೆಯಾದರೂ ನೀರು ಎಳೆಗಳ ನಡುವೆ ನಿಲ್ಲುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಎರಡು ಸಲ ಜಾಡಿಸಿ ಒದರಿದರೆ ಬಹುಪಾಲು ಹೊರಟುಹೋಗುತ್ತದೆ. ಎಳೆಗಳು ಮುದುಡಿ ಮಲಗುವುದೂ ಇಲ್ಲವಾದ್ದರಿಂದ ಗಾಳಿಯ ಗೂಡುಗಳು ಉಳಿಯುತ್ತವೆ.

ಮೂರು ಪದರದ ಲೆಕ್ಕ

ಗುಣ ಇಷ್ಟಿದ್ದರೂ ಫ್ಲೀಸಿನಲ್ಲಿ ಒಂದು ಕೊರತೆ ಇದೆ. ಅಂಗಡಿಯಲ್ಲೇ ಅದನ್ನು ಪರೀಕ್ಷಿಸಬಹುದು. ಜಾಕೆಟ್ಟಿನ ಒಂದು ಪದರವನ್ನು ಬಾಯಿಗೊತ್ತಿ ಹಿಡಿದು ಜೋರಾಗಿ ಊದಿ. ಆಚೆ ಬದಿಗಿಟ್ಟ ಅಂಗೈಗೆ ಉಸಿರು ತಾಗುತ್ತದೆ. ನಮ್ಮ ಉಸಿರೇ ಇಷ್ಟು ಸಲೀಸಾಗಿ ಹಾಯುವುದಾದರೆ, ಕಣಿವೆಯಿಂದ ಏರಿಬರುವ ಗಾಳಿ ಸುಮ್ಮನಿದ್ದೀತೆ? ಅದು ಒಳನುಗ್ಗಿ, ಫ್ಲೀಸ್ ಜತನದಿಂದ ಕೂಡಿಟ್ಟ ಬಿಸಿಗಾಳಿಯನ್ನು ಕ್ಷಣದಲ್ಲಿ ಗುಡಿಸಿಹಾಕುತ್ತದೆ. ಹವಾಮಾನ ತಜ್ಞರ ಸೂತ್ರದ ಪ್ರಕಾರ, ಉಷ್ಣತೆ ಸೊನ್ನೆ ಡಿಗ್ರಿ ಇರುವಾಗ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಆಗುವ ಚಳಿ ಮೈನಸ್ 7 ಡಿಗ್ರಿಗೆ ಸಮ.

ಹಾಗಾದರೆ ಗಾಳಿ ಹಾಯದ ಫ್ಲೀಸ್ ತಂದರಾಯಿತಲ್ಲ ಎನ್ನಬಹುದು. ಅಂಥವೂ ಇವೆ. ಎರಡು ಪದರಗಳ ನಡುವೆ ತೆಳುವಾದ ಪೊರೆ ಅಂಟಿಸಿರುತ್ತಾರೆ. ಆದರೆ ಹೊರಗಿನ ಗಾಳಿಯನ್ನು ತಡೆದಷ್ಟೂ ಮೈಯ ಬೆವರಿನ ಆವಿ ಹೊರಹೋಗುವುದೂ ಕಷ್ಟವಾಗುತ್ತದೆ. ಪಟ್ಟಣದಲ್ಲಿ ಬೈಕ್ ಓಡಿಸುವವರಿಗೆ ಅದು ಹೇಳಿ ಮಾಡಿಸಿದ್ದು. ಏರು ಹತ್ತುವವರಿಗೆ ಮಾತ್ರ ಉಸಿರುಕಟ್ಟಿಸುವ ಅಂಗಿ.

ಇದಕ್ಕೆ ಬೆಟ್ಟದವರು ಕಂಡುಕೊಂಡ ಉಪಾಯ, ಒಂದೊಂದು ಕೆಲಸವನ್ನು ಒಂದೊಂದು ಉಡುಪಿಗೆ ಹಂಚುವುದು. ಮೈಗೆ ತಾಗಿದ ಒಳಪದರದ ಕೆಲಸ ಬೆವರನ್ನು ಚರ್ಮದಿಂದ ಎಳೆದು ಹೊರಕ್ಕೆ ಸಾಗಿಸುವುದು. ತೆಳುವಾದ ಪಾಲಿಯೆಸ್ಟರ್ ಅಥವಾ ನವಿರಾದ ಮೆರಿನೊ ಉಣ್ಣೆಯ ಥರ್ಮಲ್ ಇದಕ್ಕೆ ತಕ್ಕದ್ದು. ನಡುಪದರದ ಕೆಲಸ ಗಾಳಿಯನ್ನು ಹಿಡಿದು ಕೂರಿಸುವುದು. ಫ್ಲೀಸಿನ ಸ್ಥಾನ ಇಲ್ಲಿ. ಹೊರಪದರದ ಕೆಲಸ ಬೀಸುವ ಗಾಳಿ, ಮಳೆ, ಹಿಮವನ್ನು ಬಾಗಿಲಲ್ಲೇ ತಡೆಯುವುದು. ನೀರು ಇಳಿಯದ ತೆಳ್ಳನೆಯ ವಿಂಡ್‌ಚೀಟರ್ ಅಥವಾ ಮಳೆ ಜಾಕೆಟ್ ಇದನ್ನು ನಿಭಾಯಿಸುತ್ತದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡರ ಶ್ರಮ ವ್ಯರ್ಥ.

ಇದೇನೂ ಪ್ಲಾಸ್ಟಿಕ್ ಯುಗದ ಜಾಣ್ಮೆಯಲ್ಲ. 1924ರಲ್ಲಿ ಎವರೆಸ್ಟ್ ಏರಲು ಹೋಗಿ ಕಣ್ಮರೆಯಾದ ಜಾರ್ಜ್ ಮಲ್ಲೊರಿಯ ದೇಹ 75 ವರ್ಷಗಳ ನಂತರ, 1999ರಲ್ಲಿ ಪತ್ತೆಯಾಯಿತು. ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ತೆಳು ಪದರಗಳು ಒಂದರ ಮೇಲೊಂದು, ಎಲ್ಲಕ್ಕೂ ಮೇಲೆ ಒತ್ತಾಗಿ ನೇಯ್ದ ಗ್ಯಾಬರ್ಡಿನ್ ಬಟ್ಟೆ ಇದ್ದವು. ಆ ಉಡುಪಿನ ತದ್ರೂಪನ್ನು ಹೊಲಿಸಿ 2006ರಲ್ಲಿ ಎವರೆಸ್ಟಿನ ಇಳಿಜಾರಿನಲ್ಲೇ ತೊಟ್ಟು ನೋಡಿದಾಗ ಅದು ಹಗುರವೂ ಬೆಚ್ಚಗೂ ಇತ್ತು. ನಮ್ಮ ಮಲೆನಾಡಿನ ಗದ್ದೆಯಲ್ಲಿ ಮಳೆಗೆ ಕಂಬಳಿ ಕೊಪ್ಪೆ ಹೊದ್ದವರೂ, ಬಯಲಿನಲ್ಲಿ ಕುರಿ ಕಾಯುತ್ತ ಕರಿಕಂಬಳಿ ಹೆಗಲಿಗೇರಿಸಿದವರೂ ಇದರ ಒಂದು ತುದಿಯನ್ನು ಬಲ್ಲವರೇ. ಉಣ್ಣೆ ನೆನೆದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ಆದರೆ ನೆನೆದ ಕಂಬಳಿಯ ಭಾರ ಹೊತ್ತವರಿಗೇ ಗೊತ್ತು. ಫ್ಲೀಸ್ ಗೆದ್ದಿರುವುದು ಆ ಭಾರದ ವಿಷಯದಲ್ಲಿ.

ಬನಿಯನ್ನಿನ ಬೆವರು

ಜಾಕೆಟ್ಟಿಗೆ ಸಾವಿರಾರು ರೂಪಾಯಿ ಸುರಿದವರು ಎಡವುವುದು ಬನಿಯನ್ನಿನಲ್ಲಿ. ಹತ್ತಿಯ ಬನಿಯನ್, ಹತ್ತಿಯ ಟೀ ಷರಟು ನಮ್ಮ ಸೆಕೆಯ ನಾಡಿಗೆ ವರ. ಬೆವರು ಹೀರಿ, ನಿಧಾನವಾಗಿ ಆರಿ, ಮೈ ತಂಪಾಗಿಸುತ್ತವೆ. ಚಳಿಯ ನಾಡಿನಲ್ಲಿ ಅದೇ ಗುಣ ಶಾಪ.

ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ನೀರು ಚರ್ಮದ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಇದೇ ಗುಪ್ತೋಷ್ಣ. ಬೆವರಿ ತೊಯ್ದ ಬನಿಯನ್ನಿನಲ್ಲಿ 100 ಗ್ರಾಂ, ಅಂದರೆ ಅರ್ಧ ಲೋಟದಷ್ಟು ನೀರಿದೆ ಎನ್ನೋಣ. ಅದು ಮೈಮೇಲೇ ಆರಬೇಕಾದರೆ 58 ಕಿಲೋಕ್ಯಾಲರಿ ಬೇಕು. 70 ಕಿಲೋ ತೂಕದ ಮನುಷ್ಯನ ಮೈ ಒಂದು ಡಿಗ್ರಿ ತಣ್ಣಗಾಗಲು ಕಳೆದುಕೊಳ್ಳಬೇಕಾದ ಶಾಖವೂ ಹೆಚ್ಚುಕಡಿಮೆ ಅಷ್ಟೇ! ದೇಹ ಸದಾ ಹೊಸ ಶಾಖ ಹುಟ್ಟಿಸುತ್ತಿರುವುದರಿಂದ ಇಡೀ ಒಂದು ಡಿಗ್ರಿ ಇಳಿದುಬಿಡುವುದಿಲ್ಲ ನಿಜ. ಆದರೆ ದಣಿದು, ಹಸಿದು, ನಿಂತಲ್ಲೇ ನಿಂತವನ ಒಲೆಯಲ್ಲಿ ಉರಿ ಎಷ್ಟಿದ್ದೀತು? ಸಾಲದೆಂಬಂತೆ, ಉಷ್ಣವನ್ನು ಸಾಗಿಸುವುದರಲ್ಲಿ ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕು. ಗಾಳಿ ಇರಬೇಕಾದ ಜಾಗದಲ್ಲಿ ನೀರು ಕೂತರೆ ಎಂಥ ಜಾಕೆಟ್ಟೂ ಸೋತಂತೆಯೇ.

ಮೈಯೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೊಥರ್ಮಿಯಾ, ಅಂದರೆ ದೇಹದ ಶೀತಲಸ್ಥಿತಿ ಎನ್ನುತ್ತಾರೆ. ನಡುವಿನ ಅಂತರ ಎರಡೇ ಡಿಗ್ರಿ. ಮೊದಲು ತಡೆಯಲಾರದ ನಡುಕ. ಆಮೇಲೆ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ, ಜಿಪ್ ಎಳೆಯಲೂ ಆಗುವುದಿಲ್ಲ. ಕಾಲು ಎಡವುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಡುಕು ಬರುತ್ತದೆ. 32ರ ಸುಮಾರಿಗೆ ನಡುಕವೇ ನಿಂತುಹೋಗುತ್ತದೆ. ಚಳಿ ಬಿಟ್ಟಿತೆಂದು ಜೊತೆಯವರು ಸಮಾಧಾನಪಟ್ಟರೆ ಅದು ಘೋರ ತಪ್ಪು. ಆ ಘಟ್ಟದಲ್ಲಿ ಕೆಲವರು ಸೆಕೆಯೆಂಬ ಭ್ರಮೆಯಿಂದ ಮೈಮೇಲಿನ ಬಟ್ಟೆಯನ್ನೇ ಕಿತ್ತೆಸೆಯುವುದುಂಟು. ಆದ್ದರಿಂದ ನಡುಕ ಶುರುವಾದಾಗಲೇ ಒದ್ದೆ ಬಟ್ಟೆ ಕಳಚಿ, ಒಣಗಿದ್ದು ತೊಡಿಸಿ, ಗಾಳಿಯ ಮರೆಗೆ ಒಯ್ದು, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ಬ್ರಾಂದಿ ಕೂಡದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಉಳಿದ ಬಿಸಿಯನ್ನೂ ಹೊರಚೆಲ್ಲುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು?

ಈಗ ಮತ್ತೆ ಅಂಗಡಿಗೆ ಬರೋಣ. ಫ್ಲೀಸಿನ ದಪ್ಪವನ್ನು ಅಳೆಯುವುದು ಅದರ ತೂಕದಿಂದ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಚೀಟಿಯಲ್ಲಿ ಇದನ್ನು ಜಿ.ಎಸ್.ಎಂ. ಎಂದು ಬರೆದಿರುತ್ತಾರೆ. ಸುಮಾರು 100 ಇದ್ದರೆ ತೆಳು, 200 ಮಧ್ಯಮ, 300 ದಪ್ಪ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿನ ಬೆಳಗಿನ ವಾಕಿಂಗಿಗೆ, ಮಡಿಕೇರಿ, ಚಿಕ್ಕಮಗಳೂರಿನ ಪ್ರವಾಸಕ್ಕೆ 100ರದ್ದು ಧಾರಾಳ. ಹಿಮಾಲಯಕ್ಕೆ 200 ಬೇಕು.

ಯಾತ್ರೆಗೆ ಹೊರಟ ಹಿರಿಯರಿಗೂ ಇದೇ ಲೆಕ್ಕ. ಎತ್ತರ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಹರಿದ್ವಾರ ಇರುವುದು ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿ, ಕೇದಾರನಾಥ ಸುಮಾರು 3,580 ಮೀಟರಿನಲ್ಲಿ. ಎತ್ತರವೊಂದರಿಂದಲೇ 21 ಡಿಗ್ರಿಯ ವ್ಯತ್ಯಾಸ! ಹರಿದ್ವಾರದಲ್ಲಿ ಬೆವರು ಒರೆಸಿಕೊಳ್ಳುತ್ತ ‘ಈ ಸ್ವೆಟರ್ ಬೇರೆ ಯಾಕೆ ಹೊತ್ತು ತಂದೆವೋ’ ಎಂದವರೇ ಮಾರನೆಯ ದಿನ ಮಳೆಯಲ್ಲಿ ನೆನೆದು ನಡುಗುತ್ತಾರೆ.

ಇನ್ನೂ ಹೆಚ್ಚು ಚಳಿಯಿದ್ದರೆ 300ರದ್ದು ತರಬೇಕಲ್ಲವೇ ಎಂದರೆ, ಬೇಡ. ಅದರ ಬದಲು 100ರದ್ದೊಂದು, 200ರದ್ದೊಂದು ಒಯ್ಯುವುದು ಜಾಣತನ. ದಪ್ಪ ಜಾಕೆಟ್ ಹಾಕಿದರೆ ಬೆವರು, ತೆಗೆದರೆ ನಡುಕ. ನಡುವಿನ ದಾರಿ ಇಲ್ಲ. ಎರಡು ತೆಳು ಉಡುಪುಗಳಿದ್ದರೆ ಒಂದನ್ನು ತೆಗೆದು ಒಂದನ್ನು ಉಳಿಸಿಕೊಳ್ಳಬಹುದು. ಜೊತೆಗೆ ಅವೆರಡರ ನಡುವೆಯೂ ಗಾಳಿಯ ಒಂದು ಪದರ ಸೇರುತ್ತದೆ. ರಾತ್ರಿ ಬಿಡಾರದಲ್ಲಿ ಕದಲದೆ ಕೂರುವಾಗಿನ ಕೊರೆಯುವ ಚಳಿಗೆ ಬಾತುಕೋಳಿಯ ನವಿರು ಪುಕ್ಕ ತುಂಬಿದ ಜಾಕೆಟ್ ಬೇರೆಯೇ ಬೇಕು. ಅದು ಫ್ಲೀಸಿನ ಕೆಲಸವಲ್ಲ.

ಅಳತೆಯ ವಿಷಯದಲ್ಲಿ ಗಂಡಸರು ಮಾಡುವ ಸಾಮಾನ್ಯ ತಪ್ಪು ‘ಸ್ವಲ್ಪ ಲೂಸ್ ಇರಲಿ’ ಎಂದು ಒಂದು ಸೈಜ್ ಮೇಲಿನದನ್ನು ಕೊಳ್ಳುವುದು. ದೊಗಲೆ ಜಾಕೆಟ್ಟಿನೊಳಗೆ ಗಾಳಿ ನಿಲ್ಲುವುದಿಲ್ಲ. ನಡೆದಾಗಲೆಲ್ಲ ತಿದಿ ಒತ್ತಿದಂತೆ ಬಿಸಿಗಾಳಿ ಕತ್ತಿನಿಂದ ಹೊರಹೋಗಿ, ತಣ್ಣನೆಯದು ಸೊಂಟದಿಂದ ಒಳಬರುತ್ತದೆ. ಅದರ ಮೇಲೆ ಮಳೆ ಜಾಕೆಟ್ ಹಾಕಿದರೆ ಸುಕ್ಕುಗಟ್ಟಿ ಕಂಕುಳಲ್ಲಿ ಮುದ್ದೆಯಾಗುತ್ತದೆ. ತೀರ ಬಿಗಿಯೂ ಬೇಡ. ಗುಂಗುರು ಚಪ್ಪಟೆಯಾದರೆ ಗಾಳಿಗೆ ಜಾಗವೆಲ್ಲಿ? ಹಾಗಾಗಿ ಅಂಗಡಿಗೆ ಹೋಗುವಾಗಲೇ ಥರ್ಮಲ್ ತೊಟ್ಟು, ಮಳೆ ಜಾಕೆಟ್ಟನ್ನೂ ಜೊತೆಗೊಯ್ಯಬೇಕು. ಮೂರನ್ನೂ ಹಾಕಿಕೊಂಡು ಎರಡೂ ಕೈ ಮೇಲೆತ್ತಿ. ಫ್ಲೀಸಿನ ಅಂಚು ಬೆಲ್ಟಿಗಿಂತ ಮೇಲೇರಿ ಹೊಟ್ಟೆ ಕಂಡರೆ ಅದು ಗಿಡ್ಡ. ಕೈ ಮುಂದಕ್ಕೆ ಚಾಚಿದಾಗ ತೋಳು ಮಣಿಕಟ್ಟಿನಿಂದ ಹಿಂದೆ ಸರಿಯಬಾರದು. ಬಗ್ಗಿ ಶೂ ಲೇಸ್ ಕಟ್ಟಿ ನೋಡಿ. ಸೊಂಟದ ಹಿಂಭಾಗ ಮುಚ್ಚಿರಬೇಕು.

ಮುಂದೆ ಪೂರ್ತಿ ಜಿಪ್ ಇರುವುದು ಮೇಲು. ಸೆಕೆಯಾದಂತೆ ಅರ್ಧ ಇಳಿಸಬಹುದು, ಕನ್ನಡಕ, ಟೋಪಿ ತೆಗೆಯದೆ ಕಳಚಬಹುದು. ಕಾಲರ್ ಗದ್ದದವರೆಗೆ ಬರಲಿ, ಮಫ್ಲರಿನ ಕೆಲಸ ಅರ್ಧ ಮುಗಿಯುತ್ತದೆ. ಜಿಪ್ಪಿನ ತುದಿ ಗದ್ದಕ್ಕೆ ತಾಗದಂತೆ ಮೇಲೊಂದು ಬಟ್ಟೆಯ ಮುಚ್ಚಳವಿದ್ದರೆ ಒಳ್ಳೆಯದು. ಹಿಮಕ್ಕೆ ತಣಿದ ಲೋಹ ಚರ್ಮಕ್ಕೆ ತಾಗಿದರೆ ಏನಾಗುತ್ತದೆಂದು ಹೋದವರಿಗೆ ಗೊತ್ತು. ಜೇಬುಗಳು ತೀರ ಕೆಳಗಿದ್ದರೆ ಬೆನ್ನುಚೀಲದ ಸೊಂಟಪಟ್ಟಿಯ ಅಡಿಗೆ ಸಿಕ್ಕಿ ಕೈ ಹೋಗುವುದಿಲ್ಲ. ಎದೆಯ ಬಳಿ ಒಂದು ಜೇಬಿರಲಿ. ಚಳಿಗೆ ಮೊಬೈಲಿನ, ಟಾರ್ಚಿನ ಬ್ಯಾಟರಿ ಬೇಗ ಸೊರಗುತ್ತದೆ. ಮೈಯ ಬಿಸಿ ತಾಗುವಲ್ಲಿಟ್ಟರೆ ಅದೂ ಬಾಳುತ್ತದೆ. ಟೋಪಿ ಹೊಲಿದ ಜಾಕೆಟ್ ಬೇಕೇ ಬೇಡವೇ ಎಂಬುದು ಅವರವರ ಇಷ್ಟ. ಮಂಕಿ ಕ್ಯಾಪ್ ಇದ್ದವರಿಗೆ ಅದರ ಅಗತ್ಯವಿಲ್ಲ.

ಬಟ್ಟೆಯ ಗುಣ ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಬೆಳಕಿಗೆ ಹಿಡಿದು ನೋಡಿ. ಎಳೆಗಳು ಎಲ್ಲ ಕಡೆಯೂ ಒಂದೇ ಸಮನಾಗಿ ಹರಡಿರಬೇಕು, ಅಲ್ಲಲ್ಲಿ ತೆಳುವಾಗಿ ಬೆಳಕು ಇಣುಕಬಾರದು. ಬಳಿಕ ಹೆಬ್ಬೆರಳಿನಿಂದ ಒಂದೇ ಜಾಗವನ್ನು ಇಪ್ಪತ್ತು ಸಲ ಚೆನ್ನಾಗಿ ಉಜ್ಜಿ. ಎಳೆ ಕಿತ್ತು ಸಣ್ಣ ಸಣ್ಣ ಉಂಡೆ ಕಟ್ಟತೊಡಗಿದರೆ ನಾಲ್ಕು ಒಗೆತಕ್ಕೆ ಆ ಜಾಕೆಟ್ ಹಳತಾಗುತ್ತದೆ. ಒಳಗಿನ ಚೀಟಿಯನ್ನೂ ಓದಿ. ಹತ್ತಿ ಬೆರೆತಿದ್ದರೆ ಎಷ್ಟೇ ಮೃದುವಾಗಿದ್ದರೂ ಬೆಟ್ಟಕ್ಕೆ ಬೇಡ. ಬೆಲೆ ಹೆಚ್ಚಿದಷ್ಟೂ ಹೆಚ್ಚು ಬೆಚ್ಚಗೆ ಎಂಬ ನಿಯಮವೇನೂ ಇಲ್ಲ. ಎದೆಯ ಮೇಲಿನ ಕಸೂತಿ ಗುರುತು ಗಾಳಿಯನ್ನು ಹಿಡಿದಿಡುವುದಿಲ್ಲ. ದುಡ್ಡು ಲೆಕ್ಕದ್ದಾದರೆ ಫ್ಲೀಸಿನಲ್ಲಿ ಉಳಿಸಿ ಹೊರಪದರಕ್ಕೆ ಹಾಕಬೇಕು. ಸಾಧಾರಣ ಫ್ಲೀಸಿನ ಮೇಲೆ ಒಳ್ಳೆಯ ಮಳೆ ಜಾಕೆಟ್ ಇದ್ದರೆ ಮನುಷ್ಯ ಬದುಕುತ್ತಾನೆ. ದುಬಾರಿ ಫ್ಲೀಸಿನ ಮೇಲೆ ಏನೂ ಇಲ್ಲದಿದ್ದರೆ ಆ ಮಾತು ಹೇಳುವಂತಿಲ್ಲ.

ಹೊರಡುವಾಗ ಚಳಿಯಿರಲಿ

ಕೊಂಡದ್ದಾಯಿತು, ತೊಡುವುದಕ್ಕೂ ಒಂದು ಕ್ರಮವಿದೆ. ಉತ್ತರಾಖಂಡದ ಕೇದಾರಕಂಠ ನಮ್ಮ ಹುಡುಗರು ಚಳಿಗಾಲದಲ್ಲಿ ಹೆಚ್ಚಾಗಿ ಹೋಗುವ ಶಿಖರ, ಎತ್ತರ ಸುಮಾರು 12,500 ಅಡಿ. ತುದಿ ತಲುಪಲು ನಸುಕಿನ ಕತ್ತಲಲ್ಲೇ ಹೊರಡುತ್ತಾರೆ. ಆಗ ಎಲ್ಲರೂ ಇದ್ದಬದ್ದದ್ದನ್ನೆಲ್ಲ ತೊಟ್ಟು ಉಂಡೆಯಾಗಿರುತ್ತಾರೆ. ಹತ್ತು ನಿಮಿಷ ಹತ್ತುವಷ್ಟರಲ್ಲಿ ಒಳಗೆಲ್ಲ ಬೆವರು. ಅನುಭವಸ್ಥರು ಹೀಗೆ ಮಾಡುವುದಿಲ್ಲ. ಹೊರಡುವಾಗ ಸ್ವಲ್ಪ ಚಳಿಯಾಗುವಷ್ಟೇ ತೊಡುತ್ತಾರೆ. ನಡಿಗೆಯೇ ಮೈ ಕಾಯಿಸುತ್ತದೆ. ಬೆವರು ಬರುವ ಮೊದಲೇ ಜಿಪ್ ಇಳಿಸುತ್ತಾರೆ, ಇಲ್ಲವೇ ಫ್ಲೀಸ್ ಕಳಚಿ ಬೆನ್ನುಚೀಲದ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ನಿಂತ ಕೂಡಲೇ, ಚಳಿ ಅನ್ನಿಸುವುದಕ್ಕೆ ಮುಂಚೆಯೇ, ಅದನ್ನು ಮತ್ತೆ ಹಾಕಿಕೊಳ್ಳುತ್ತಾರೆ. ಗಾಳಿ ಎದ್ದರೆ, ಹನಿ ಬಿದ್ದರೆ ಹೊರಪದರ. ಮಲಗುವಾಗ ತೊಡಲು ಒಣಗಿದ ಒಂದು ಜೊತೆ ಒಳಪದರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರುತ್ತಾರೆ, ಹಗಲು ಅದನ್ನು ಮುಟ್ಟುವುದಿಲ್ಲ.

ಬೆಂಕಿಯ ಹತ್ತಿರ ಮಾತ್ರ ಫ್ಲೀಸ್ ತೊಟ್ಟು ಕೂರಬಾರದು. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೆ ಕರಗುತ್ತದೆ. ಒಂದು ಕಿಡಿ ಸಾಕು, ತೂತು. ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಆಳವಾದ ಸುಟ್ಟಗಾಯ. ಇದೇ ಕಾರಣಕ್ಕೆ ಇಸ್ತ್ರಿಯೂ ಬೇಡ. ತಣ್ಣೀರಿನಲ್ಲಿ, ಒಳಮಗ್ಗುಲು ಹೊರಗೆ ಮಾಡಿ, ಸೌಮ್ಯವಾದ ಸೋಪಿನಲ್ಲಿ ಒಗೆದು ನೆರಳಲ್ಲಿ ಹರವಿದರೆ ಗುಂಗುರು ಉಳಿಯುತ್ತದೆ. ಬಟ್ಟೆ ಮೆದುವಾಗಿಸುವ ದ್ರಾವಣ ಹಾಕಿದರೆ ಎಳೆಗಳಿಗೆ ಮೇಣದಂಥ ಲೇಪ ಕೂತು, ಬೆವರನ್ನು ಸಾಗಿಸುವ ಗುಣ ಕುಂದುತ್ತದೆ.

ಪದೇಪದೇ ಒಗೆಯದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಫ್ಲೀಸನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರಿ ನೀರು ಸೇರುತ್ತವೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದೇ ಉಡುಪಿನಿಂದ ಒಂದೇ ಒಗೆತಕ್ಕೆ 1,900ಕ್ಕೂ ಹೆಚ್ಚು ಎಳೆಗಳು ಹೊರಬಿದ್ದದ್ದು ಕಂಡುಬಂತು. ಅವು ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಸೇರಿ ಮೀನಿನ ಹೊಟ್ಟೆ ಹೊಗುತ್ತವೆ. ಸೀಸೆಯನ್ನು ಜಾಕೆಟ್ ಮಾಡಿದೆವೆಂಬ ಹೆಮ್ಮೆಯ ಜೊತೆಗೆ ಈ ಮುಜುಗರವನ್ನೂ ಹೊರಬೇಕು. ವರ್ಷಕ್ಕೊಂದು ಹೊಸ ಬಣ್ಣ ಕೊಳ್ಳುವ ಬದಲು ಒಂದನ್ನೇ ಹತ್ತು ವರ್ಷ ಬಾಳಿಸುವುದು ಇದಕ್ಕಿರುವ ಸುಲಭ ಪರಿಹಾರ. ಕೊಳೆಯಾದಾಗ ಮಾತ್ರ ಒಗೆದರಾಯಿತು. ಬೆವರು ವಾಸನೆಗೆ ಒಂದು ದಿನದ ಗಾಳಿಯೇ ಸಾಕಾಗುತ್ತದೆ.

ಅಂಗಡಿಯಲ್ಲಿ ಅಪ್ಪ ಕೇಳಿದ ಪ್ರಶ್ನೆಯನ್ನು ಇನ್ನು ತಿದ್ದಿಕೊಳ್ಳಬಹುದು. ‘ಇದು ಬಿಸಿ ಇರುತ್ತದೆಯೇ’ ಎಂದು ಜಾಕೆಟ್ಟನ್ನು ಕೇಳಿ ಪ್ರಯೋಜನವಿಲ್ಲ. ‘ಇದರ ಕೆಳಗೆ ಏನು ತೊಡುತ್ತೀಯ, ಮೇಲೆ ಏನು ಹಾಕುತ್ತೀಯ?’ ಎಂದು ಮಗನನ್ನು ಕೇಳಬೇಕು. ಎರಡಕ್ಕೂ ಸರಿಯಾದ ಉತ್ತರ ಬಂದರೆ ಬಣ್ಣ ಯಾವುದಾದರೂ ಆದೀತು, ಬಿಲ್ ಮಾಡಿಸಬಹುದು.